ಕೂಸು ಸಮೋಸಾ ಅಂದರೆ ಗದರಬೇಡ

ಯೇನಾ, ಜರ್ಮನಿ

ಪ್ರೀತಿಯ ತಂಗಿಗೆ,

ನಿನ್ನ ಅಕ್ಕನ ಆಶೀರ್ವಾದ. ನಾವಿಲ್ಲಿ ಆರಾಮ ಇದ್ದೇವೆ. ಚಳಿ ಜಾಸ್ತಿ, ಅಷ್ಟೇ. ಅವ್ವನ ಮೊಣಕಾಲು ನೋವು ಕಡಿಮೆ ಆಯಿತಾ? ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ಭಾನುವಾರ ವಿಡಿಯೋ ಕಾಲ್ ಮುಗಿದ ಮೇಲೂ ನನ್ನ ಮನಸ್ಸು ಕೊಪ್ಪಳದಲ್ಲೇ, ನಮ್ಮ ಪಡಸಾಲೆಯಲ್ಲೇ ಇತ್ತು. ನೀನು ಗೋಡೆಯ ಆಕಾರಗಳ ಚಾರ್ಟಿನಲ್ಲಿ ತ್ರಿಕೋನದ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿದೆ. ಕೂಸು "ಸಮೋಸಾ" ಅಂದ. "ಟ್ರಯಾಂಗಲ್ ಅನ್ನು" ಅಂತ ನೀನು ಗದರಿದೆ. ಅವನು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ. ಶಾಲೆಗೆ ಸೇರಿಸುವಾಗ ಕೇಳ್ತಾರೆ ಅನ್ನೋ ನಿನ್ನ ಚಿಂತೆ ನನಗೆ ಗೊತ್ತು. ಆದರೆ ಅವನು ತಪ್ಪು ಹೇಳಿರಲಿಲ್ಲ. ಗೋಡೆ ಮೇಲಿನ ಚಿತ್ರಕ್ಕೂ ಬಸ್ ಸ್ಟ್ಯಾಂಡಿನಲ್ಲಿ ತಿಂದ ತಿಂಡಿಗೂ ಒಂದೇ ಆಕಾರ ಅಂತ ಮೂರೂವರೆ ವರ್ಷದ ಹುಡುಗ ತಾನೇ ಕಂಡುಕೊಂಡಿದ್ದಾನೆ. ಅದು ಸಣ್ಣ ಮಾತಲ್ಲ. ಹೆಸರು ನಾಳೆ ಬರುತ್ತದೆ, ಬಿಡು.

ನಾನು ಸಹಾಯಕಿಯಾಗಿರುವ ಕಿಂಡರ್‌ಗಾರ್ಟನ್‌ನಲ್ಲಿ ದಿನಾ ಇದನ್ನೇ ನೋಡುತ್ತೇನೆ. ಈ ಹೆಸರು ಹುಟ್ಟಿದ್ದೂ ಈ ಸೀಮೆಯಲ್ಲೇ. ಇಲ್ಲಿಗೆ ಹತ್ತಿರದ ಬಾಡ್ ಬ್ಲಾಂಕೆನ್‌ಬುರ್ಗ್ ಅನ್ನೋ ಊರಲ್ಲಿ 1837ರಲ್ಲಿ ಫ್ರೋಬೆಲ್ ಎಂಬ ಮೇಷ್ಟ್ರು ಚಿಕ್ಕ ಮಕ್ಕಳಿಗಾಗಿ ಕೆಲಸ ಶುರು ಮಾಡಿದರು. 1840ರಲ್ಲಿ ಅದಕ್ಕೆ ಮಕ್ಕಳ ತೋಟ ಅನ್ನೋ ಅರ್ಥದಲ್ಲಿ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟರು. ನಮ್ಮ ಎಲ್‌ಕೆಜಿಯೊಳಗಿನ 'ಕೆಜಿ' ಅದೇ. ಅವರು ಮಕ್ಕಳ ಕೈಗೆ ಮೊದಲು ಕೊಟ್ಟದ್ದು ಉಣ್ಣೆಯ ಚೆಂಡು. ಆಮೇಲೆ ಮರದ ಗುಂಡು, ಚೌಕದ ತುಂಡು, ಲಟ್ಟಣಿಗೆಯಂಥ ಉರುಳೆ.

ಆ ಚೌಕದ ತುಂಡಿಗೆ ದಾರ ಕಟ್ಟಿ, ದಾರವನ್ನು ಹುರಿ ಮಾಡಿ ಬಿಡುತ್ತೇವೆ. ಗರಗರ ತಿರುಗುವಾಗ ಮೂಲೆಗಳೇ ಕಾಣುವುದಿಲ್ಲ, ಉರುಳೆಯ ಹಾಗೆ ದುಂಡಗಾಗಿ ಬಿಡುತ್ತದೆ. ಮೊನ್ನೆ ಒಬ್ಬಳು ಪುಟ್ಟ ಹುಡುಗಿ ಅದನ್ನು ಗಪ್ಪನೆ ಹಿಡಿದು ನಿಲ್ಲಿಸಿದಳು. ಒಂದೊಂದೇ ಮೂಲೆಗೆ ಹೆಬ್ಬೆರಳು ಒತ್ತಿ ನೋಡಿದಳು, ಎಲ್ಲವೂ ವಾಪಸ್ ಬಂದಿವೆಯಾ ಅಂತ. ನನಗೆ ನಮ್ಮ ಕೂಸಿನ ನೆನಪಾಗಿ ಕಣ್ಣು ತುಂಬಿತು.

ಸ್ಲೇಟಿನ ಮೇಲೆ ತ್ರಿಕೋನ ಬರೆಯಲು ಬರ್ತಿಲ್ಲ ಅಂದೆಯಲ್ಲ. ಈಗಲೇ ಬರಬೇಕಾಗಿಯೂ ಇಲ್ಲ. ನೋಡಿಕೊಂಡು ಸೊನ್ನೆ ಬರೆಯುವುದು ಸುಮಾರು 3 ವರ್ಷಕ್ಕೆ ಬರುತ್ತದೆ. ಚೌಕಕ್ಕೆ 4 ಆಗಬೇಕು, ತ್ರಿಕೋನಕ್ಕೆ 5ರ ಹತ್ತಿರ. ಓರೆ ಗೆರೆ ಎಳೆಯುವುದು ಆ ಕೈಗೆ ಕಷ್ಟ.

ಚಾರ್ಟಿನಲ್ಲಿ ಇನ್ನೊಂದು ತೊಂದರೆ ಇದೆ. ಅದರ ತ್ರಿಕೋನ ಯಾವಾಗಲೂ ನೆಟ್ಟಗೆ ಕೂತಿರುತ್ತದೆ, ಮೂರೂ ಬದಿ ಸಮ. ಅದನ್ನಷ್ಟೇ ನೋಡಿದ ಮಕ್ಕಳು ಉದ್ದ ಮೂತಿಯದನ್ನೋ ತಲೆಕೆಳಗಾದದ್ದನ್ನೋ ತೋರಿಸಿದರೆ ತ್ರಿಕೋನ ಅಲ್ಲ ಅನ್ನುತ್ತವೆ. ಚೌಕವನ್ನು ಸ್ವಲ್ಪ ತಿರುಗಿಸಿಟ್ಟರೂ ಸಾಕು, ಅದು ಚೌಕವಲ್ಲ ಅನ್ನುತ್ತವೆ.

ಅದಕ್ಕೇ ಅಜ್ಜಿಯ ಕೌದಿ ತೆಗಿ. ಟ್ರಂಕಿನಲ್ಲಿದೆ, ಹಳೇ ಇಳಕಲ್ ಸೀರೆಗಳ ತುಂಡು ಸೇರಿಸಿ ಹೊಲಿದದ್ದು. ಅದರಲ್ಲಿ ಸೊಟ್ಟ ತ್ರಿಕೋನ ಇದೆ, ಉದ್ದದ್ದಿದೆ, ತಿರುಗಿದ ಚೌಕ ಇದೆ. ಎರಡು ತ್ರಿಕೋನದ ತುಂಡು ಸೇರಿ ಒಂದು ಚೌಕ ಆದದ್ದೂ ಇದೆ. ಕೂಸು ಹೊಲಿಗೆಗುಂಟ ಬೆರಳು ಓಡಿಸಲಿ. ಮೂಲೆ ಬಂದಲ್ಲಿ "ನಿಲ್ಲು" ಅನ್ನು. ಎಷ್ಟು ಸಲ ನಿಂತೆ ಅಂತ ಕೇಳು. ಮೂರು ಅಂದಾಗ "ಹೌದು, ಇದು ತ್ರಿಕೋನ, ನಿನ್ನ ಸಮೋಸಾದ ಹಾಗೆ" ಅಂತ ಹೇಳು. ದಿನಾ ಹತ್ತು ನಿಮಿಷ ಸಾಕು. ಅವನಿಗೆ ಬೇಜಾರಾದರೆ ಮಡಚಿಡು.

ಅವ್ವ ರೊಟ್ಟಿ ಬಡಿಯುವಾಗ ಅವನಿಗೂ ಒಂದು ಉಂಡೆ ಹಿಟ್ಟು ಕೊಡಲಿ. ಉಂಡೆ ತಟ್ಟಿದರೆ ಚಪ್ಪಟೆ ಆಗಿ ಅಗಲ ಆಗುವುದನ್ನು ಅವನ ಕೈಯೇ ಕಲಿಯುತ್ತದೆ. ಸ್ಟೀಲ್ ಡಬ್ಬಿಗಳನ್ನೂ ಮುಂದಿಡು. ಯಾವ ಮುಚ್ಚಳ ಯಾವುದಕ್ಕೆ ಅಂತ ಅವನೇ ಹುಡುಕಲಿ. ತಪ್ಪು ಮುಚ್ಚಳ ಹಾಕಿದರೆ ಕೈ ಹಾಕಬೇಡ, ಸುಮ್ನೆ ಕೂತು ನೋಡು.

ನೀನು ಕಳಿಸಿದ ಕಿನ್ನಾಳದ ಆನೆ ನಮ್ಮ ಕಿಟಕಿಯಲ್ಲಿದೆ. ಈ ಸಲ ಊರಿಗೆ ಬರುವಾಗ ಅವನಿಗೆ ಮರದ ತುಂಡುಗಳನ್ನು ತರುತ್ತೇನೆ.

ಭಾನುವಾರ ಫೋನ್ ಮಾಡುತ್ತೇನೆ. ಕೌದಿ ಹಾಸಿಡು. ಅವನೇ ನನಗೆ ತೋರಿಸಲಿ.

ನಿನ್ನ ಅಕ್ಕ