ಅವ್ವ ಅಂದಾಗ ಓ ಅಂದವರು

ಜನವರಿಯಿಂದಲೂ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ. ಮೊದಮೊದಲು ಕೈ ನಡುಗುತ್ತಿತ್ತು. ಆಮೇಲೆ ಕೈ ಸರಿಹೋಯಿತು, ಮನಸ್ಸು ಒಪ್ಪಲಿಲ್ಲ. ಈಗ 2024ರ ನವೆಂಬರ್. ಕಳೆದ ಭಾನುವಾರ ಇಲ್ಲಿ ಟಾಂಜಾನಿಯಾದ ನಮ್ಮ ಹಳ್ಳಿಯ ಚರ್ಚಿನಲ್ಲಿ, ನಾನು ಸಿಸ್ಟರ್ ಆಗಿ ಸೇವೆಗೆ ಬಂದು 25 ವರ್ಷವಾದದ್ದಕ್ಕೆ ಪೂಜೆ ನಡೆಯಿತು. ನೀವು ಊರಿನಿಂದ ಕಳಿಸಿದ ದನಿಗಳನ್ನೆಲ್ಲ ರಾತ್ರಿ ಫೋನಿನಲ್ಲಿ ಒಬ್ಬಳೇ ಕೂತು ಕೇಳಿದೆ. ಹಳಿಯಾಳದ ಮಕ್ಕಳ ಹಾಡನ್ನು ಮೂರು ಸಲ ಕೇಳಿದೆ. ಇನ್ನು ತಡಮಾಡಬಾರದು ಅನ್ನಿಸಿತು.

ಜನವರಿಯಲ್ಲಿ ನಾನು ಜ್ವರ ಬಂದು ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ನಿಮಗೆ ಗೊತ್ತಿಲ್ಲದ್ದು ಆ ಒಂದು ರಾತ್ರಿ. ಅದನ್ನು ಹೇಳದೆ ಯಾರಿಗೆ ಧನ್ಯವಾದ ಹೇಳಿದರೂ ಅರ್ಧವೇ ಆಗುತ್ತದೆ.

ನಾನು ದಾರ್ ಎಸ್ ಸಲಾಮ್‌ನಲ್ಲಿ ಇಳಿದದ್ದು 1999ರ ನವೆಂಬರಿನಲ್ಲಿ. ಜೂಲಿಯಸ್ ನ್ಯೆರೆರೆ ತೀರಿಕೊಂಡು ಆಗಷ್ಟೇ ತಿಂಗಳಾಗಿತ್ತು. ಇಲ್ಲಿಯ ಜನ ಅವರನ್ನು ಮ್ವಾಲಿಮು ಅನ್ನುತ್ತಾರೆ. ಮೇಷ್ಟ್ರು ಅಂತ ಅರ್ಥ. ದೇಶದ ಮೊದಲ ಅಧ್ಯಕ್ಷರಾಗಿದ್ದವರನ್ನು ಜನ ಮೇಷ್ಟ್ರು ಅಂತಲೇ ನೆನೆದು ಅಳುತ್ತಿದ್ದರು. ಇದು ನನಗೆ ಒಗ್ಗುವ ಊರು ಅಂತ ಅವತ್ತೇ ಅನ್ನಿಸಿತ್ತು. ಅಲ್ಲಿಂದ ಹಳೆಯ ರೈಲಿನಲ್ಲಿ ಇಡೀ ರಾತ್ರಿ ಕೂತು ಡೊಡೊಮಾಕ್ಕೆ ಬಂದೆ. ಈ ವರ್ಷ ಅದೇ ದಾರಿಗೆ ವಿದ್ಯುತ್ ರೈಲು ಬಂದಿದೆ. ಡಾಕ್ಟರಿಗೆ ತೋರಿಸಿಕೊಂಡು ಅದರಲ್ಲೇ ವಾಪಸು ಬಂದೆ. ನಾಲ್ಕು ತಾಸೂ ಹಿಡಿಯಲಿಲ್ಲ.

ನಮ್ಮ ಹಳ್ಳಿ ಡೊಡೊಮಾದಿಂದ ಟಾರು ರಸ್ತೆ ಬಿಟ್ಟು ಬಹಳ ಒಳಗಿದೆ. ಗೊಗೊ ಜನರ ಸೀಮೆ. ಬಯಲು, ಮುಳ್ಳುಗಿಡ, ಅಲ್ಲಲ್ಲಿ ದೊಡ್ಡ ಹೊಟ್ಟೆಯ ಬಾವೊಬಾಬ್ ಮರ. ಮಳೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಾತ್ರ. ಉಳಿದ ತಿಂಗಳು ಕೆಂಪು ಧೂಳು. ನನ್ನ ದಿನ ಬೆಳಗಿನ 5ಕ್ಕೆ ಶುರುವಾಗುತ್ತದೆ. ಪ್ರಾರ್ಥನೆ ಮುಗಿಸಿ ದವಾಖಾನೆಯ ಬಾಗಿಲು ತೆರೆಯುವ ಹೊತ್ತಿಗೆ ಹೆಂಗಸರು ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಮರದ ಕೆಳಗೆ ಕೂತಿರುತ್ತಾರೆ. ಕೆಲವರು ಕತ್ತಲಲ್ಲೇ ಮನೆ ಬಿಟ್ಟು ನಡೆದು ಬಂದವರು. ‘ತುಮ್ಸಿಫು ಯೇಸು ಕ್ರಿಸ್ತೋ’ ಅನ್ನುತ್ತಾರೆ, ಯೇಸುಕ್ರಿಸ್ತರನ್ನು ಸ್ತುತಿಸೋಣ ಅಂತ. ‘ಮಿಲೇಲೆ ಅಮಿನಾ’ ಅನ್ನುತ್ತೇನೆ, ಎಂದೆಂದಿಗೂ ಆಮೆನ್ ಅಂತ. ಆಮೇಲೆ ಕೂಸುಗಳ ತೂಕ, ಚುಚ್ಚುಮದ್ದು, ಗಾಯಕ್ಕೆ ಪಟ್ಟಿ, ಬಸುರಿಯರ ತಪಾಸಣೆ. ಮಧ್ಯಾಹ್ನ ಉಗಾಲಿ ಮತ್ತು ಮ್ಲೆಂಡಾ. ಉಗಾಲಿ ಅಂದರೆ ನಮ್ಮ ಮುದ್ದೆಯೇ, ಇಲ್ಲಿ ಜೋಳದ್ದು ಇಲ್ಲವೇ ಸಜ್ಜೆಯದು. ಮ್ಲೆಂಡಾ ಲೋಳೆಲೋಳೆಯಾದ ಸೊಪ್ಪಿನ ಸಾರು. ಮುದ್ದೆ ನುಂಗಿ ಗೊತ್ತಿದ್ದವರಿಗೆ ಇದು ಸಲೀಸು. ಸಂಜೆ ಯಾರದಾದರೂ ಮನೆಯಲ್ಲಿ ಜುಮುಯಿಯಾ ಇರುತ್ತದೆ. ಅಕ್ಕಪಕ್ಕದ ಹತ್ತು ಹದಿನೈದು ಮನೆಯವರು ಸೇರಿ ವಾಕ್ಯ ಓದಿ, ಯಾರ ಮನೆಯಲ್ಲಿ ಕಷ್ಟ ಇದೆ ಅಂತ ಕೇಳಿಕೊಳ್ಳುವುದು. ಇಷ್ಟೇ ನನ್ನ ಸೇವೆ. ಪತ್ರಿಕೆಗಳಲ್ಲಿ ಬರೆಯುವಷ್ಟು ದೊಡ್ಡದೇನಲ್ಲ. 25 ವರ್ಷ ಹೆಚ್ಚುಕಡಿಮೆ ಹೀಗೇ ಕಳೆದಿದೆ, ಮತ್ತು ನನಗೆ ಅದು ತುಂಬಾ ಇಷ್ಟ.

ಈ ಊರಿನಲ್ಲಿ ಒಬ್ಬರು ಇದ್ದಾರೆ. ಅವರ ಹೆಸರು ಬರೆಯುವುದಿಲ್ಲ, ಬರೆಯಬೇಡ ಅಂತ ಅವರೇ ಹೇಳಿದ್ದಾರೆ. ಇಲ್ಲಿ ಮಾಮಾ ಅಂದರೆ ತಾಯಿ. ಹೆಂಗಸಿಗೆ ಚೊಚ್ಚಲ ಮಗುವಾದ ಮೇಲೆ ಇಂಥವರ ಮಾಮಾ ಅಂತ ಮಗುವಿನ ಹೆಸರಿನಿಂದಲೇ ಕರೆಯುತ್ತಾರೆ. ನಾನು ಬರೀ ಮಾಮಾ ಅನ್ನುತ್ತೇನೆ. ನನಗಿಂತ ಏಳೆಂಟು ವರ್ಷ ದೊಡ್ಡವರು. ದೊಡ್ಡವರಿಗೆ ‘ಶಿಕಾಮೂ’ ಅನ್ನಬೇಕು. ನಿಮ್ಮ ಕಾಲು ಹಿಡಿದೆ ಅಂತ ಅದರ ಅರ್ಥವಂತೆ. ನಾನು ಹಾಗೆ ಅಂದರೆ ಮೊದಲೆಲ್ಲ ಅವರಿಗೆ ಸಂಕೋಚ. ಸಿಸ್ಟರ್ ಹಾಗೆ ಅನ್ನಬಾರದು ಅನ್ನುತ್ತಿದ್ದರು. ಈಗ ‘ಮರಹಬಾ’ ಅಂತ ನಗುತ್ತಾರೆ.

2001ರ ಮಳೆಯಲ್ಲಿ ಅವರು ತಮ್ಮ ಕಿರಿ ಮಗನನ್ನು ಎತ್ತಿಕೊಂಡು ಬಂದಿದ್ದರು. ಎರಡು ವರ್ಷದ ಹುಡುಗ. ನಮ್ಮಿಂದ ಆಗುವ ಕೇಸಲ್ಲ, ಡೊಡೊಮಾಕ್ಕೆ ಒಯ್ಯಬೇಕಿತ್ತು. ನಡುವೆ ಕೊರೊಂಗೊ ಇದೆ. ಬೇಸಿಗೆಯಲ್ಲಿ ಅದು ಬರೀ ಮರಳಿನ ಹಳ್ಳ, ಜನ ಅದರಲ್ಲಿ ಗುಂಡಿ ತೋಡಿ ನೀರು ತೆಗೆಯುತ್ತಾರೆ. ಮಳೆ ಬಿದ್ದರೆ ನೋಡನೋಡುತ್ತ ತುಂಬಿ ಲಾರಿಯನ್ನೂ ಎಳೆದುಕೊಂಡು ಹೋಗುತ್ತದೆ. ಅವತ್ತು ಗಾಡಿ ಆಚೆ ದಡದಲ್ಲೇ ನಿಂತಿತು. ನಾನು ಹೊಸಬಳು. ಭಾಷೆ ಇನ್ನೂ ಅರ್ಧಂಬರ್ಧ. ಬೆಳಗಾಗುವುದರೊಳಗೆ ಗಾಡಿ ಬರುತ್ತದೆ ಮಾಮಾ, ಬಂದೇ ಬರುತ್ತದೆ ಅಂತ ರಾತ್ರಿಯೆಲ್ಲ ಹೇಳಿದೆ. ಗಾಡಿ ಬರಲಿಲ್ಲ. ಹುಡುಗ ನನ್ನ ಮಡಿಲಲ್ಲೇ ಹೋದ.

ನಾನು ಅತ್ತೆ. ಆಗ ಅವರು ನನ್ನ ತಲೆಯ ಮೇಲೆ ಕೈ ಇಟ್ಟು ‘ಪೋಲೆ’ ಅಂದರು. ಇಲ್ಲಿ ಯಾರಾದರೂ ಎಡವಿದರೂ ನೋಡಿದವರು ಪೋಲೆ ಅನ್ನುತ್ತಾರೆ, ಮನೆಯಲ್ಲಿ ಸಾವಾದರೂ ಪೋಲೆ ಅನ್ನುತ್ತಾರೆ. ನಿನ್ನ ನೋವು ನನಗೆ ಕಂಡಿತು ಅಂತ. ಕನ್ನಡದಲ್ಲಿ ಅದಕ್ಕೆ ಸರಿಯಾದ ಒಂದು ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ. ಮಗನನ್ನು ಕಳೆದುಕೊಂಡವರು ಅವರು. ಪೋಲೆ ಹೇಳಿಸಿಕೊಂಡವಳು ನಾನು. ಕೆಲವು ವಾರ ಬಿಟ್ಟು ಪೊರಕೆ ಹಿಡಿದು ದವಾಖಾನೆಯ ಅಂಗಳಕ್ಕೆ ಬಂದರು. ಯಾರೂ ಕರೆದಿರಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಅಂಗಳ ಅವರದೇ.

ಈ ಜನವರಿಯ ಆ ರಾತ್ರಿಯೂ ಅದೇ ಮಳೆ, ಅದೇ ಕೊರೊಂಗೊ. ಗಾಡಿ ಅದೇ ಆಚೆ ದಡದಲ್ಲಿ. ನಮ್ಮ ಕಿರಿಯ ಸಿಸ್ಟರ್ ನನಗೆ ಡ್ರಿಪ್ ಹಾಕಿದರು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಒಬ್ಬಳಿಗೆ ಹೆರಿಗೆ ನೋವು ಶುರುವಾಯಿತು. ಅವರು ಅತ್ತ ಹೋಗಲೇಬೇಕಿತ್ತು. ಹೋಗು ಅಂತ ನಾನೇ ಹೇಳಿದೆನಂತೆ. ನನಗೆ ನೆನಪಿಲ್ಲ. ನನ್ನ ಹತ್ತಿರ ಉಳಿದವರು ಮಾಮಾ ಒಬ್ಬರೇ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದರು.

ಇಲ್ಲಿ ಹೊತ್ತಿನ ಲೆಕ್ಕ ಬೇರೆ. ಸೂರ್ಯ ಮುಳುಗಿದ ಮೇಲೆ ಒಂದು, ಎರಡು ಅಂತ ಶುರುಮಾಡುತ್ತಾರೆ. ನಮ್ಮ ಅಜ್ಜಿ ಜಾವ ಎಣಿಸುತ್ತಿದ್ದ ಹಾಗೆ. ‘ಸಾ ನಾನೆ’, ಅಂದರೆ ಎಂಟನೆಯ ಗಂಟೆ, ನಮ್ಮ ರಾತ್ರಿ 2. ಆ ಹೊತ್ತಿಗೆ ಬಾಟಲಿ ತೂಗುಹಾಕಿದ್ದ ಮೊಳೆ ಗೋಡೆಯಿಂದ ಕಿತ್ತುಬಂತು. ಮಣ್ಣಿನ ಗೋಡೆ, ಮಳೆಗೆ ನೆನೆದಿತ್ತು. ಮಾಮಾ ಬಾಟಲಿಯನ್ನು ಕೈಯಲ್ಲೇ ಎತ್ತಿ ಹಿಡಿದರು. ಒಂದು ಕೈ ಸೋತರೆ ಇನ್ನೊಂದು ಕೈ. ಹೀಗೆ ಬೆಳಗಿನವರೆಗೆ. ಇದನ್ನು ಅವರು ಹೇಳಲಿಲ್ಲ. ಮರುದಿನ ಅವರ ತೋಳು ಮೇಲೇಳುತ್ತಿರಲಿಲ್ಲ, ಆಗ ಕಿರಿಯ ಸಿಸ್ಟರ್ ಕೇಳಿ ತಿಳಿದುಕೊಂಡರು.

ನಿಜ ಬರೆಯುತ್ತೇನೆ. ಆ ರಾತ್ರಿ ನಾನು ಪ್ರಾರ್ಥನೆ ಮಾಡಲಿಲ್ಲ. ‘ನಮೋ ಮರಿಯಾ’ ಅಂತ ಶುರುಮಾಡಿದರೆ ಮುಂದಕ್ಕೆ ಹೋಗುತ್ತಿರಲಿಲ್ಲ. ದೇವರ ಮೇಲೆ ಸಿಟ್ಟು ಬಂದಿತ್ತು. ಆ ಹುಡುಗನಿಗೂ ಗಾಡಿ ಕಳಿಸಲಿಲ್ಲ, ನನಗೂ ಕಳಿಸಲಿಲ್ಲ. ಒಂದು ಹಳ್ಳದ ನೀರು ಇಳಿಸುವುದು ನಿನಗೆ ಅಷ್ಟು ಕಷ್ಟವಾ ಅಂತ ಕೇಳಿದೆ. ಸಿಸ್ಟರ್ ಆದವರು ಹೀಗೆ ಬರೆಯಬಹುದಾ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಡೆದದ್ದು ಇದು. ಅಷ್ಟು ಹೊತ್ತೂ ನನ್ನ ಪಾಲಿನ ಜಪಸರವನ್ನು ಮಾಮಾ ಹೇಳುತ್ತಿದ್ದರು. ‘ಸಲಾಮು ಮರಿಯಾ’ ಅನ್ನುವ ಅವರ ಸಣ್ಣ ದನಿ ಮಳೆಯ ಸದ್ದಿನೊಳಗಿಂದ ಬರುತ್ತಿದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಗಾಡಿ ಬರುತ್ತದೆ ಅಂತ ಅವರು ಒಮ್ಮೆಯೂ ಹೇಳಲಿಲ್ಲ. ನಾನು ಕಣ್ಣು ಬಿಟ್ಟಾಗೆಲ್ಲ ‘ನಿಪೊ’ ಅನ್ನುತ್ತಿದ್ದರು. ಇದ್ದೇನೆ ಅಂತ. ಅಷ್ಟೇ.

ಆ ರಾತ್ರಿ ನನ್ನ ಬಾಯಲ್ಲಿ ಸ್ವಾಹಿಲಿ ನಿಂತುಹೋಗಿತ್ತಂತೆ. ಬರೀ ಕನ್ನಡ. ಅವರಿಗೆ ಒಂದಕ್ಷರ ತಿಳಿಯದು. ಸುಮ್ನೆ ಹೂಂಗುಟ್ಟುತ್ತಾ ಕೂತಿದ್ದರು. ಒಂದೇ ಒಂದು ಮಾತು ಮಾತ್ರ ಅವರಿಗೆ ಗೊತ್ತಿತ್ತು. ಅದು ಹೇಗೆ ಗೊತ್ತು ಅಂತ ಹೇಳಬೇಕು.

2020ರ ಏಪ್ರಿಲಿನಲ್ಲಿ ಅವ್ವ ತೀರಿಕೊಂಡಾಗ ವಿಮಾನಗಳೆಲ್ಲ ನಿಂತಿದ್ದವು. ಅವ್ವನ ಮಣ್ಣನ್ನು ನಾನು ಅಂಗೈ ಅಗಲದ ಫೋನಿನಲ್ಲಿ ನೋಡಿದೆ. ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿತ್ತು. ಮಣ್ಣು ಹಾಕುವ ಹೊತ್ತಿಗೆ ಪೂರ್ತಿ ಹೋಯಿತು. ಅವತ್ತು ಸಂಜೆ ಹಳ್ಳಿಯ ಹೆಂಗಸರು ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಕಾನ್ವೆಂಟಿಗೆ ಬಂದರು. ಇಲ್ಲಿ ಸಾವಿನ ಮನೆಗೆ ಮ್ಸಿಬಾ ಅನ್ನುತ್ತಾರೆ. ಮನೆಯವರನ್ನು ಒಂಟಿಯಾಗಿ ಮಲಗಲು ಬಿಡುವುದಿಲ್ಲ. ಹೆಂಗಸರು ಒಳಗೆ ಚಾಪೆ ಹಾಸಿ ಮಲಗುತ್ತಾರೆ, ಗಂಡಸರು ಹೊರಗೆ ಬೆಂಕಿ ಹಾಕಿಕೊಂಡು ಕೂತಿರುತ್ತಾರೆ. ಮೂರು ರಾತ್ರಿ ಹಾಗೇ ಇದ್ದರು. ಕಂಡರಿಯದ ಹಳಿಯಾಳದ ಒಬ್ಬ ಮುದುಕಿಗೆ ಡೊಡೊಮಾದ ಹಳ್ಳಿಯಲ್ಲಿ ಮ್ಸಿಬಾ ನಡೆಯಿತು. ನಿಮ್ಮ ಕಡೆ ತಾಯಿಗೆ ಏನನ್ನುತ್ತಾರೆ ಅಂತ ಮಾಮಾ ಅವತ್ತು ಕೇಳಿದ್ದರು. ಅವ್ವ ಅಂತ ಹೇಳಿದ್ದೆ.

ಜ್ವರ ಇಳಿದು ವಾರವಾದ ಮೇಲೆ ರಾಗಿ ಗಂಜಿ ಕುಡಿಸುತ್ತಾ ಹೇಳಿದರು: ‘ಸಿಸ್ತಾ, ರಾತ್ರಿಯೆಲ್ಲ ಅವ್ವ ಅವ್ವ ಅಂತ ಕೂಗುತ್ತಿದ್ದಿರಿ. ಯಾರೂ ಓ ಅನ್ನಲಿಲ್ಲ. ಕೂಗಿದಾಗ ಯಾರೂ ಓ ಅನ್ನದಿದ್ದರೆ ಹೇಗೆ? ಅದಕ್ಕೆ ನಾನೇ ಅಂದೆ.’

ಇದಕ್ಕೆ ನಾನು ಏನು ಹೇಳಲಿ? ಗಂಜಿ ಬಟ್ಟಲು ಹಿಡಿದುಕೊಂಡು ಅತ್ತೆ. ಪೋಲೆ ಅಂದರು.

ಬೆಳಗ್ಗೆ ನೀರು ಸ್ವಲ್ಪ ಇಳಿದಾಗ ನನ್ನನ್ನು ಮಂಚದ ಸಮೇತ ಹೊತ್ತು ಕೊರೊಂಗೊ ದಾಟಿಸಿದ ಎಂಟು ಹುಡುಗರು, ಆಚೆ ದಡದಲ್ಲಿ ರಾತ್ರಿಯಿಡೀ ಗಾಡಿಯಲ್ಲೇ ಕೂತು ಕಾದ ಡ್ರೈವರ್, ನಡುರಾತ್ರಿ ಅಂಗಡಿ ತೆರೆದು ಟಾರ್ಚಿನ ಸೆಲ್ಲು ಕೊಟ್ಟು ದುಡ್ಡು ಬೇಡವೆಂದ ಮುಸ್ಲಿಂ ಅಣ್ಣ, ಆಸ್ಪತ್ರೆಯ ಡಾಕ್ಟರು ಮತ್ತು ನರ್ಸುಗಳು, ಸರದಿಯ ಮೇಲೆ ಬಂದು ಕಾದ ನಮ್ಮ ಸಿಸ್ಟರುಗಳು, ದಾರ್‌ನಿಂದ ಅನ್ನ ಸಾರು ಕಟ್ಟಿಸಿ ಕಳಿಸಿದ ಕನ್ನಡದ ಮನೆಯವರು, ದುಡ್ಡು ಕೂಡಿಸಿ ಕಳಿಸಿದ ಹಳಿಯಾಳ, ಮುಂಡಗೋಡ, ಯಲ್ಲಾಪುರದ ನೀವೆಲ್ಲರೂ: ನಿಮ್ಮ ಋಣ ದೊಡ್ಡದು. ನಿಮ್ಮೆಲ್ಲರಿಗೂ ಕೈಮುಗಿಯುತ್ತೇನೆ. ಪಕ್ಕದ ಕೋಣೆಯಲ್ಲಿ ಆ ರಾತ್ರಿ ಹುಟ್ಟಿದ್ದು ಹೆಣ್ಣು ಕೂಸು. ಚೆನ್ನಾಗಿದೆ. ಹೋದ ವಾರ ತೂಕ ನೋಡಿದೆ.

ಇನ್ನೊಬ್ಬರಿಗೂ ಹೇಳುವುದಿದೆ. 1999ರಲ್ಲಿ ನಾನು ಹೊರಡುವಾಗ ನಮ್ಮ ಪಕ್ಕದ ಮನೆಯ ಸಿದ್ದಿ ಅಕ್ಕ ಒಂದು ಕೌದಿ ಹೊಲಿದು ಕೊಟ್ಟಿದ್ದರು. ಹಳೆ ಸೀರೆ ತುಂಡುಗಳದ್ದು. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವು ಇಟ್ಟಿದ್ದರು. ಹೂವು ಇಡದಿದ್ದರೆ ಕೌದಿ ಬೆತ್ತಲೆ ಅನ್ನುತ್ತಿದ್ದರು. ಆ ರಾತ್ರಿ ಮಾಮಾ ನನಗೆ ಹೊದಿಸಿದ್ದು ಅದನ್ನೇ. ಅದು ಯಾರು ಹೊಲಿದದ್ದು ಅಂತ ಚೇತರಿಸಿಕೊಂಡ ಮೇಲೆ ಅವರಿಗೆ ಹೇಳಿದೆ. ಸಿದ್ದಿಗಳ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದ ಈ ಪೂರ್ವ ಕರಾವಳಿಯಿಂದ ಗುಲಾಮರಾಗಿ ಹಡಗಿನಲ್ಲಿ ಗೋವೆಗೆ ತಂದದ್ದು, ಅಲ್ಲಿಂದ ತಪ್ಪಿಸಿಕೊಂಡು ನಮ್ಮ ಕಾಡಿಗೆ ಬಂದದ್ದು, ಈಗ ಕನ್ನಡ, ಕೊಂಕಣಿ ಮಾತಾಡುವುದು ಎಲ್ಲ ಹೇಳಿದೆ. ಗುಲಾಮರ ಸಾಲುಗಳು ಕಡಲ ಕಡೆಗೆ ನಡೆದುಹೋದ ಹಳೆಯ ದಾರಿ ಗೊಗೊ ಸೀಮೆಯಲ್ಲೂ ಹಾದಿದೆ. ಆ ಕಥೆ ಮಾಮಾಗೆ ಅವರ ಅಜ್ಜಿ ಹೇಳಿದ್ದರಂತೆ. ಬಹಳ ಹೊತ್ತು ಕೌದಿಯ ಹೊಲಿಗೆಯ ಮೇಲೆ ಬೆರಳಾಡಿಸಿದರು. ‘ಹಾಗಾದರೆ ಇದು ಮನೆಗೆ ಬಂದಿದೆ’ ಅಂದರು.

ಹೊಳೆ ದಾಟಿಸುವಾಗ ಮಂಚದ ಕಾಲಿಗೆ ಸಿಕ್ಕಿ ಒಂದು ಮೂಲೆಯ ಹೂವು ಕಿತ್ತುಹೋಗಿತ್ತು. ಕಂಗಾ ಅಂದರೆ ಇಲ್ಲಿಯ ಹೆಂಗಸರು ಸುತ್ತಿಕೊಳ್ಳುವ ಬಟ್ಟೆ. ಮಾಮಾ ತಮ್ಮ ಹಳೆ ಕಂಗಾದ ತುಂಡು ಮಡಚಿ ಆ ಜಾಗಕ್ಕೆ ಹೊಸದು ಹೊಲಿದಿದ್ದಾರೆ. ಕೆಂಪು ಬಣ್ಣದ್ದು. ಉಳಿದ ಮೂರಕ್ಕಿಂತ ತುಸು ದೊಡ್ಡದು. ಅಕ್ಕಾ, ನೀವು ಇದನ್ನು ಓದಿಸಿಕೊಂಡು ಕೇಳುತ್ತೀರಿ ಅಂತ ಗೊತ್ತು. ಅದರ ಫೋಟೋ ಕಳಿಸುತ್ತೇನೆ, ನೋಡಿ.

ಡಿಸೆಂಬರ್ ಕೊನೆಗೆ ರಜೆಯ ಮೇಲೆ ಊರಿಗೆ ಬರುತ್ತಿದ್ದೇನೆ. ಮೊದಲು ಅವ್ವನ ಸಮಾಧಿಗೆ ಹೋಗಬೇಕು, ಆಮೇಲೆ ನಿಮ್ಮೆಲ್ಲರ ಮನೆಗೆ. ಮಾರ್ಚಿನಲ್ಲಿ ವಾಪಸು. ಕೌದಿ ಮಾತ್ರ ತರುತ್ತಿಲ್ಲ. ಅದು ಮಾಮಾ ಮನೆಯಲ್ಲಿದೆ. ಇನ್ನೇನು ಮಳೆ ಶುರುವಾಗುತ್ತದೆ, ರಾತ್ರಿ ಅವರ ತೋಳು ಇನ್ನೂ ನೋಯುತ್ತದೆ.