ಹುಡುಗಿಯ ಅಡುಗೆಮನೆ ನೋಡಿ ಬಂದೆ, ಅಮ್ಮ

ಸಿಂಗಾಪುರ
ಭಾನುವಾರ

ಅಮ್ಮನಿಗೆ ನಮಸ್ಕಾರ.

ನಾವು ಮೂವರೂ ಚೆನ್ನಾಗಿದ್ದೇವೆ. ಅಪ್ಪನ ಬಿಪಿ ಈಗ ಹೇಗಿದೆ? ಮಾತ್ರೆ ತಪ್ಪಿಸುತ್ತಿಲ್ಲ ತಾನೇ?

ನಿನ್ನ ಪತ್ರ ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜಾತಕ ಕೂಡಿದೆ, ನಮ್ಮ ರಘುಗೆ ಹುಡುಗಿ ದೀಪಾ ಇಷ್ಟವಾಗಿದ್ದಾಳೆ, ಹಾಸನದವರು ಒಳ್ಳೆ ಜನ ಅಂತ ನೀನೇ ಬರೆದಿದ್ದೀಯ. ಈಗ ಕಮಲತ್ತೆ ಒಂದು ಮಾತು ಅಂದರು ಅಂತ ಎಲ್ಲ ನಿಂತುಹೋಗಿದೆ. "ಮುಸ್ಲಿಂ ಹುಡುಗಿ, ಚೀನೀ ಹುಡುಗಿ ಜೊತೆ ಒಂದೇ ಅಡುಗೆಮನೆಯಲ್ಲಿ ಬೇಯಿಸ್ಕೊಂಡು ತಿನ್ನೋಳು ನಾಳೆ ನಮ್ಮನೆ ದೇವರಿಗೆ ನೈವೇದ್ಯ ಮಾಡ್ತಾಳಾ?" ಅಂತ. ಅದನ್ನು ಕೇಳಿ ಅಪ್ಪ ಏನೂ ಹೇಳದೆ ಎದ್ದು ಹೋದರು ಅಂತ ಬರೆದಿದ್ದೀಯಲ್ಲ, ನನಗೆ ಅದೇ ಜಾಸ್ತಿ ಬೇಜಾರಾಯಿತು. ನೀನು ಹೇಳಿದ ಹಾಗೆ ಇಲ್ಲಿ ಸಿಂಗಾಪುರದಲ್ಲಿ ದೀಪಾ ಇರುವ ಮನೆಗೆ ಹೋಗಿ ನೋಡಿಕೊಂಡು ಬಂದಿದ್ದೇನೆ. ಕಂಡದ್ದನ್ನೆಲ್ಲ ಬರೆಯುತ್ತೇನೆ. ಏನೂ ಚಿಂತೆ ಮಾಡಬೇಡ.

ಮೊದಲನೆಯದು, ದೀಪಾ ಬೇರೆ ಹುಡುಗಿಯರ ಜೊತೆ ಒಂದೇ ಮನೆಯಲ್ಲಿ ಯಾಕಿದ್ದಾಳೆ ಅನ್ನೋದು. ಇಲ್ಲಿ ಒಬ್ಬಳೇ ಒಂದು ಮನೆ ಹಿಡಿಯೋದು ಅಂದರೆ ಸಂಬಳದ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತದೆ. ಇನ್ನು ಕೋಣೆ ಹುಡುಕಲು ಹೊರಟರೆ ಜಾಹೀರಾತಿನಲ್ಲಿ 'ಲೈಟ್ ಕುಕಿಂಗ್ ಓನ್ಲಿ' ಅಂತ ಇರುತ್ತದೆ. ನೂಡಲ್ಸ್ ಬೇಯಿಸಿಕೋ, ಒಗ್ಗರಣೆ ಹಾಕಬೇಡ ಅಂತ ಅದರರ್ಥ. ಕೆಲವರು ಭಾರತೀಯರು ಬೇಡ ಅಂತ ನೇರವಾಗೇ ಹಾಕುತ್ತಾರೆ. ನಾವು ಹೊಸದಾಗಿ ಬಂದಾಗ ಒಬ್ಬ ಮನೆ ಮಾಲೀಕರು ಫೋನಿನಲ್ಲಿ ಹೆಸರು ಕೇಳುವ ಮೊದಲೇ "ಕರಿ ಮಾಡ್ತೀರಾ?" ಅಂತ ಕೇಳಿದ್ದರು. ಹೌದು ಅಂದದ್ದಕ್ಕೆ ಫೋನ್ ಇಟ್ಟರು. ಆ ಅವಮಾನ ನಾನು ನಿಮಗೆ ಆಗ ಬರೆದಿರಲಿಲ್ಲ. ಈ ಹುಡುಗಿಗೆ ಸಾರು ಮಾಡಿಕೊಳ್ಳಲು ಬಿಡುವ ಮನೆ ಬೇಕಿತ್ತು. ಬಿಟ್ಟವರು ಆ ಇಬ್ಬರು ಹುಡುಗಿಯರು. ಒಬ್ಬಳು ಜೊಹೊರ್‌ನ ಮಲಯ ಹುಡುಗಿ, ಇನ್ನೊಬ್ಬಳು ಇಪೋದ ಚೀನೀ ಹುಡುಗಿ. ಇಬ್ಬರೂ ಮಲೇಷ್ಯಾದಿಂದ ಇವಳ ಹಾಗೇ ಕೆಲಸಕ್ಕೆ ಬಂದವರು.

ಈಗ ಅಡುಗೆಮನೆ. ನಾಲ್ಕು ಹೆಜ್ಜೆ ಹಾಕಿದರೆ ಮುಗಿಯುವಷ್ಟು ಚಿಕ್ಕದು. ಗ್ಯಾಸ್ ಒಲೆ ಆ ಇಬ್ಬರದು. ಕಿಟಕಿ ಪಕ್ಕದ ಕಟ್ಟೆ ಮೇಲೆ ದೀಪಾಳ ಇಂಡಕ್ಷನ್ ಒಲೆ, ಸಣ್ಣ ಕುಕ್ಕರ್, ಊರಿಂದ ತಂದ ಮಿಕ್ಸಿ, ಸ್ಟೀಲಿನ ಸಾಂಬಾರ ಡಬ್ಬಿ. ಸಿಂಕಿನ ಮೇಲೆ ಮೂರು ಮೊಳೆ, ಮೂರು ಬಣ್ಣದ ಪಾತ್ರೆ ಉಜ್ಜುವ ನಾರು. ಇವಳದು ಹಸಿರು. ಫ್ರಿಜ್ಜಿನ ಮೇಲಿನ ಅಂತಸ್ತು ಇವಳದು, ಅಲ್ಲಿ ಮೊಟ್ಟೆ ಕೂಡ ಇಡುವ ಹಾಗಿಲ್ಲ. ಮೇಲಿನದ್ದೇ ಯಾಕೆ ಅಂತ ಕೇಳಿದೆ. "ಕೆಳಗಡೆ ಇಟ್ಟರೆ ಮೇಲಿಂದ ಏನಾದರೂ ತೊಟ್ಟಿಕ್ಕಬಹುದಲ್ವಾ ಅಕ್ಕ" ಅಂದಳು. ಇಷ್ಟು ಯೋಚನೆ ಮಾಡುವ ಹುಡುಗಿ ಅವಳು.

ಇನ್ನೊಂದು ವಿಷಯ ಕೇಳು. ಆ ಮನೆಗೆ ಹಂದಿ ಮಾಂಸ ಬರುವುದಿಲ್ಲ, ಮಲಯ ಹುಡುಗಿಗಾಗಿ. ದನದ ಮಾಂಸವೂ ಬರುವುದಿಲ್ಲ, ನಮ್ಮ ಹುಡುಗಿಗಾಗಿ. ಚೀನೀ ಹುಡುಗಿ ಹಂದಿಯನ್ನೂ ಮಲಯ ಹುಡುಗಿ ದನವನ್ನೂ ಹೊರಗೆ ತಿಂದುಕೊಂಡು ಬರುತ್ತಾರೆ. ಮನೆಯಲ್ಲಿ ಮೀನು, ಕೋಳಿ, ಮೊಟ್ಟೆ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ಅವರ ಒಲೆಯಲ್ಲಿ, ಅವರ ಪಾತ್ರೆಯಲ್ಲಿ.

ಇದೆಲ್ಲ ಸುಲಭವಾಗಿ ಆಗಲಿಲ್ಲವಂತೆ. ಇಲ್ಲಿ ಬೆಲಾಚಾನ್ ಅಂತ ಒಂದಿದೆ, ಸೀಗಡಿಯನ್ನು ಉಪ್ಪು ಹಾಕಿ ಹುದುಗಿಸಿ ಒಣಗಿಸಿದ ಗಟ್ಟಿ. ಅದನ್ನು ಹುರಿದರೆ ಪಡಸಾಲೆಯಲ್ಲಿ ಕೂರಲು ಆಗುವುದಿಲ್ಲ. ಒಂದು ಸಲ ಅದನ್ನು ದೀಪಾಳ ಬಾಣಲೆಯಲ್ಲೇ ಹುರಿದುಬಿಟ್ಟರಂತೆ. ಇವಳು ಊಟ ಬಿಟ್ಟು ಕೋಣೆ ಬಾಗಿಲು ಹಾಕಿಕೊಂಡಳಂತೆ. ಮಾರನೇ ದಿನ ಚೀನೀ ಹುಡುಗಿ, "ನೀನು ಇಂಗು ಹಾಕಿದಾಗ ನಾವು ಏನಾದರೂ ಅಂದಿದ್ದೀವಾ?" ಅಂತ ಕೇಳಿದಳಂತೆ. ಒಂದು ವಾರ ಮಾತಿಲ್ಲ. ಆಮೇಲೆ ಮಲಯ ಹುಡುಗಿಯೇ ಮೂವರನ್ನೂ ಕೂರಿಸಿ ಈ ನಾರು, ಅಂತಸ್ತು, ಒಲೆ ಎಲ್ಲ ಮಾತಾಡಿ ಗೊತ್ತು ಮಾಡಿದಳು. ಅವಳಿಗೂ ತನ್ನ ಪಾತ್ರೆ ಬೇರೆಯೇ ಇರಬೇಕು, ಹಂದಿ ತಗುಲಿದ ಚಮಚ ತನ್ನದಕ್ಕೆ ಸೋಕಬಾರದು. ನಮ್ಮ ಅಜ್ಜಿ ಮುಸುರೆ, ಎಂಜಲು ಅಂತ ನಮ್ಮನ್ನು ಗದರುತ್ತಿದ್ದರಲ್ಲ, ಆ ಅಜ್ಜಿಗೆ ಈ ಹುಡುಗಿ ತಕ್ಷಣ ಅರ್ಥವಾಗುತ್ತಿದ್ದಳು. ಅಂಗಡಿಗೆ ಅವಳೂ ದೀಪಾಳೂ ಒಟ್ಟಿಗೆ ಹೋಗುತ್ತಾರಂತೆ. ಪೊಟ್ಟಣ ತಿರುಗಿಸಿ, ಪ್ರಾಣಿಯ ಮೂಳೆ ಚರ್ಮದಿಂದ ತೆಗೆಯುವ ಜೆಲಟಿನ್ ಇದೆಯಾ ಅಂತ ಇಬ್ಬರೂ ಹುಡುಕುತ್ತಾರೆ. ಅವಳಿಗೆ ಅದು ಹಂದಿಯದ್ದಾ ಅನ್ನೋ ಭಯ, ಇವಳಿಗೆ ಯಾವ ಪ್ರಾಣಿಯದ್ದಾದರೂ ಬೇಡ.

ಪುಟ್ಟನ ಬಿಸ್ಕತ್ತಿನ ಮೇಲೆ ಹಲಾಲ್ ಮುದ್ರೆ ಕಂಡಿತು ಅಂತಲೂ ಕೇಳಿದ್ದೀಯ. ಹೆದರಬೇಡ. ಇಲ್ಲಿ ಮುಯಿಸ್ ಅನ್ನುವ ಮುಸ್ಲಿಂ ಧಾರ್ಮಿಕ ಮಂಡಳಿ ಇದೆ, 1978ರಿಂದ ಈ ಪ್ರಮಾಣಪತ್ರ ಕೊಡುತ್ತಿದೆ. ಮುದ್ರೆ ಇದ್ದರೆ ಹಂದಿ ಕೊಬ್ಬಿಲ್ಲ, ಮದ್ಯ ಇಲ್ಲ ಅಂತ ಅರ್ಥ. ಬಿಸ್ಕತ್ತಿಗೆ ಅದು ನಮಗೂ ಅನುಕೂಲವೇ. ಆದರೆ ಕೋಳಿಗೂ ಅದೇ ಮುದ್ರೆ ಇರುವುದರಿಂದ ನಾನು ಹಿಂದಿನ ಸಣ್ಣ ಅಕ್ಷರ ಓದದೆ ಏನನ್ನೂ ಮನೆಗೆ ತರುವುದಿಲ್ಲ. ನಮ್ಮಲ್ಲಿನ ಹಸಿರು ಚುಕ್ಕೆ ಭಾರತದಿಂದ ಬಂದ ಸಾಮಾನಿನ ಮೇಲೆ ಮಾತ್ರ ಸಿಗುತ್ತದೆ.

ಹಾಕರ್ ಸೆಂಟರ್ ಅಂತ ಹೇಳುತ್ತಿರುತ್ತೇನಲ್ಲ, ಒಂದೇ ಸೂರಿನಡಿ ಹತ್ತಾರು ಊಟದ ಅಂಗಡಿ. ಈ ಹಾಕರ್ ಸಂಸ್ಕೃತಿ 2020ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲಿ ಉಂಡ ತಟ್ಟೆಯನ್ನು ನಾವೇ ಒಯ್ದು ಇಡಬೇಕು. ಇಡದೆ ಹೋಗುತ್ತಿದ್ದರೆ ದಂಡವೂ ಬೀಳಬಹುದು. ಇಡುವ ಕಪಾಟುಗಳೂ ಬೇರೆ ಬೇರೆ, ಹಲಾಲ್ ತಟ್ಟೆಗೆ ಒಂದು, ಮಿಕ್ಕಿದ್ದಕ್ಕೆ ಒಂದು. ಮೇಜು ಮಾತ್ರ ಎಲ್ಲರದ್ದೂ ಒಂದೇ. ಚೀನೀಯರ ಸಸ್ಯಾಹಾರಿ ಅಂಗಡಿಯೂ ಇರುತ್ತದೆ. ಬೌದ್ಧ ಪದ್ಧತಿ ಪಾಲಿಸುವ ಅಂಗಡಿಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ, ಕಮಲತ್ತೆ ಬಂದರೆ ನಿಶ್ಚಿಂತೆಯಿಂದ ಊಟ ಮಾಡಬಹುದು. ಆ ಇಪೋದ ಹುಡುಗಿಯ ತಾಯಿ ಅವರ ಪಂಚಾಂಗದ ಒಂದನೇ, ಹದಿನೈದನೇ ದಿನ ಮಾಂಸ ಮುಟ್ಟುವುದಿಲ್ಲವಂತೆ. ಹೆಚ್ಚು ಕಡಿಮೆ ನಮ್ಮ ನವರಾತ್ರಿ ಹೊತ್ತಿಗೇ ಅವರಲ್ಲೂ ಒಂಬತ್ತು ದಿನ ಒಂಬತ್ತು ದೇವರ ವ್ರತ, ಬಿಳಿ ಬಟ್ಟೆ, ಸಸ್ಯಾಹಾರ. ಆ ದಿನಗಳಲ್ಲಿ ಆ ಹುಡುಗಿ ದೀಪಾಳ ಒಲೆಯಲ್ಲಿ ಬೇಯಿಸಿದ್ದನ್ನೇ ಊಟ ಮಾಡುತ್ತಾಳೆ.

ಇಲ್ಲಿ ಜಗಳವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇಲ್ಲಿನ ಪ್ರಜೆಗಳು, ಕಾಯಂ ನಿವಾಸಿಗಳಲ್ಲಿ ನೂರಕ್ಕೆ ಸುಮಾರು 74 ಜನ ಚೀನೀಯರು, ಮಲಯರು 13ರ ಹತ್ತಿರ, ನಮ್ಮವರು 9. ನಾವಿರುವಂಥ ಸರ್ಕಾರಿ ಫ್ಲ್ಯಾಟ್‌ಗಳಲ್ಲಿ 1989ರಿಂದ ಒಂದೊಂದು ಕಟ್ಟಡದಲ್ಲೂ ಒಂದೊಂದು ಜನಾಂಗಕ್ಕೆ ಇಂತಿಷ್ಟೇ ಪಾಲು ಅಂತ ಗೊತ್ತು ಮಾಡಿದ್ದಾರೆ, ಯಾರೂ ತಮ್ಮದೇ ಕೇರಿ ಕಟ್ಟಿಕೊಳ್ಳಬಾರದು ಅಂತ. 1964ರ ಜುಲೈ 21ಕ್ಕೆ ಇಲ್ಲಿ ಮಲಯರಿಗೂ ಚೀನೀಯರಿಗೂ ದೊಡ್ಡ ಗಲಭೆಯಾಗಿ ಜನ ಸತ್ತಿದ್ದರು, ಆ ಹೆದರಿಕೆ ಇವರಿಗೆ ಇನ್ನೂ ಇದೆ. ಹಾಗಾಗಿ ಬಾಗಿಲಿಗೆ ಬಾಗಿಲು ಎದುರಾಗಿ ಎಲ್ಲ ತರಹದವರೂ ಇರುತ್ತೇವೆ. ವಾಸನೆಗೆ ಗೋಡೆ ಇಲ್ಲವಲ್ಲ. ಚೀನಾದಿಂದ ಹೊಸದಾಗಿ ಬಂದ ಒಂದು ಮನೆಯವರು ಪಕ್ಕದ ಭಾರತೀಯರ ಕರಿ ವಾಸನೆ ತಡೆಯಲಾಗದು ಅಂತ ದೂರು ಕೊಟ್ಟಿದ್ದರು. ರಾಜಿ ಮಾಡಿಸುವ ಕೇಂದ್ರದಲ್ಲಿ, ಆ ಮನೆಯವರು ಇಲ್ಲದಾಗ ಮಾತ್ರ ಕರಿ ಮಾಡುತ್ತೇವೆ ಅಂತ ನಮ್ಮವರು ಒಪ್ಪಿಕೊಂಡರಂತೆ. ಅವರೂ ಒಮ್ಮೆ ಕರಿ ತಿಂದು ನೋಡುತ್ತೇವೆ ಅಂದರಂತೆ. ಈ ಸುದ್ದಿ 2011ರಲ್ಲಿ ಪತ್ರಿಕೆಯಲ್ಲಿ ಬಂದಾಗ ಊರಿಗೆ ಊರೇ ಸಿಟ್ಟಾಯಿತು. ಆಗಸ್ಟ್ 21, ಭಾನುವಾರ ಎಲ್ಲರೂ ಕರಿ ಮಾಡಿ ಹಂಚೋಣ ಅಂತ ಫೇಸ್‌ಬುಕ್‌ನಲ್ಲಿ ಕರೆ ಕೊಟ್ಟರೆ 50 ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಹೆಸರು ಕೊಟ್ಟರು. ಅದರಲ್ಲಿ ಇಲ್ಲಿನ ಚೀನೀಯರೂ ಮಲಯರೂ ಇದ್ದರು. ನಮ್ಮ ಪಕ್ಕದ ಮನೆ ಚೀನೀ ಅಜ್ಜಿ ಇವತ್ತಿಗೂ ಅದನ್ನು ಹೇಳಿ, ನನ್ನ ಒಗ್ಗರಣೆ ವಾಸನೆ ಬಂದರೆ ತಲೆ ಹಾಕಿ "ಇವತ್ತೇನು?" ಅಂತ ಕೇಳುತ್ತಾರೆ.

ಅಮ್ಮ, ನಾನು ಇಷ್ಟೆಲ್ಲ ಬರೆದದ್ದು ಇದಕ್ಕೆ. ಎಲ್ಲರೂ ನಮ್ಮವರೇ ಇರುವ ಬೀದಿಯಲ್ಲಿ ಸಸ್ಯಾಹಾರಿಯಾಗಿರಲು ನಮಗೇನು ಕಷ್ಟವಿತ್ತು? ಈ ಹುಡುಗಿ ಆಫೀಸಿನವರ ಜೊತೆ ಊಟಕ್ಕೆ ಹೋದಾಗೆಲ್ಲ ಸಾಸ್‌ನಲ್ಲಿ ಮೀನಿದೆಯಾ, ಸಾರಿನಲ್ಲಿ ಮೂಳೆ ಹಾಕಿದ್ದಾರಾ ಅಂತ ಕೇಳುತ್ತಾಳೆ. ಕೆಲವರು ಮುಖ ಸಿಂಡರಿಸುತ್ತಾರೆ. ಬರೀ ಅನ್ನ ಮೊಸರು ತಿಂದು ಎದ್ದು ಬಂದ ದಿನಗಳೂ ಇವೆಯಂತೆ. ಅಂಥವಳ ಮಡಿಯನ್ನು ಕಮಲತ್ತೆ ಅಲ್ಲಿ ಕೂತು ಅಳೆಯುವುದು ನನಗೆ ಸಹಿಸಲಾಗಲಿಲ್ಲ.

ನೀನು ಹೇಳಿದಂತೆ ನೇರವಾಗಿಯೇ ಕೇಳಿದೆ, ಮಾಂಸ ತಿಂತೀಯಾ ಅಂತ. "ಇಲ್ಲ ಅಕ್ಕ. ಆದರೆ ತಿನ್ನೋರ ಪಕ್ಕ ಕೂತು ಊಟ ಮಾಡ್ತೀನಿ, ಮದುವೆಯಾದ ಮೇಲೂ ಮಾಡ್ತೀನಿ. ಅದನ್ನ ಮನೆಯವರಿಗೆ ಮೊದಲೇ ಹೇಳಿಬಿಡಿ" ಅಂದಳು. ಆಮೇಲೆ ಅವಳೇ ಒಂದು ಕೇಳಿದಳು: "ಮದುವೆಗೆ ಇವರಿಬ್ಬರೂ ಬರ್ತಾರೆ. ಎಲ್ಲರ ಜೊತೆ ಪಂಕ್ತಿಯಲ್ಲಿ ಕೂರಿಸ್ತೀರಾ?" ಕೂರಿಸ್ತೀವಿ ಅಂತ ನಿನ್ನ, ಅಪ್ಪನ ಪರವಾಗಿ ನಾನು ಮಾತು ಕೊಟ್ಟಿದ್ದೇನೆ. ಅದನ್ನು ಉಳಿಸಿಕೊಡಬೇಕು. ಕಮಲತ್ತೆಗೆ ಬೇಸರವಾದರೆ ನಾನೇ ಬಂದು ಸಮಾಧಾನ ಮಾಡುತ್ತೇನೆ. ಅಪ್ಪನಿಗೆ ಈ ಪತ್ರ ಪೂರ್ತಿ ಓದಿ ಹೇಳು, ಅರ್ಧಕ್ಕೆ ಎದ್ದು ಹೋಗಲು ಬಿಡಬೇಡ. ರಘುಗೆ ಹೇಳು, ಅವನು ಬಾಯಿ ಬಿಡದೆ ಕೂತಿರುವುದು ನನಗೆ ಸ್ವಲ್ಪವೂ ಸರಿ ಕಾಣುತ್ತಿಲ್ಲ. ಇವತ್ತೇ ಅವಳಿಗೆ ಫೋನ್ ಮಾಡಲಿ.

ನೀನು ಸುಮ್ನೆ ಏನೇನೋ ಯೋಚನೆ ಮಾಡಿ ಆರೋಗ್ಯ ಕೆಡಿಸಿಕೊಳ್ಳಬೇಡ. ಎಲ್ಲ ಒಳ್ಳೆಯದೇ ಆಗುತ್ತದೆ, ನಿಜವಾಗಿ ಹೇಳುತ್ತಿದ್ದೇನೆ. ಪುಟ್ಟನನ್ನು ಈಜು ಕ್ಲಾಸಿಗೆ ಬಿಡಬೇಕು, ಇವರು ಕೆಳಗೆ ಕಾಯುತ್ತಿದ್ದಾರೆ. ಛತ್ರದ ಮುಂಗಡ ವಾಪಸ್ ಕೇಳಬೇಡಿ. ಉಳಿದದ್ದು ಫೋನಿನಲ್ಲಿ.

ಇಂತಿ ನಿನ್ನ ಮಗಳು,
ಸುಮಾ