ಆನೆಗೆ ಚರೆ ಹೊಡೆಯಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮೂರಿನ ಮದುವೆ ಊಟದಲ್ಲಿ ಎದುರು ಸಾಲಿನ ಹುಡುಗರ ಮಾತು ಕಿವಿಗೆ ಬಿತ್ತು. ‘ಗುರಿ ಸರಿ ಇದ್ರೆ ಪಾಯಿಂಟ್ ಟೂಟೂ ರೈಫಲ್ಲೇ ಸಾಕು, ಕಾಟಿನೂ ಬೀಳುತ್ತೆ, ಆನೆನೂ ಬೀಳುತ್ತೆ’ ಅಂತ ಒಬ್ಬ ಹೇಳುತ್ತಿದ್ದ. ಟೂಟೂ ಅಂದರೆ .22, ಸಣ್ಣ ಗುಂಡಿನ ರೈಫಲ್; ಕಾಟಿ ಅಂದರೆ ಕಾಡುಕೋಣ. ಉಳಿದವರು ಹೌದೌದು ಅಂದರು. ನನಗೆ ಅನ್ನ ಇಳಿಯಲಿಲ್ಲ.

ನನಗೀಗ 73 ವರ್ಷ. 1970ರಲ್ಲಿ, ಅಂದರೆ ವನ್ಯಜೀವಿ ಕಾಯ್ದೆ ಬರುವುದಕ್ಕೆ ಎರಡು ವರ್ಷ ಮೊದಲು, ನಾನೂ ಹಾಗೇ ನಂಬಿದ್ದೆ. ಏಲಕ್ಕಿ ತೋಟದ ಅಂಚಿನಲ್ಲಿ ನಿಂತಿದ್ದ ಕಡವೆಗೆ ಮನೆಯ ಟೂಟೂನಿಂದ ಈಡು ಹೊಡೆದೆ. ನಲವತ್ತು ಗಜ ಇರಬಹುದು. ಗುಂಡು ತಗುಲಿದ್ದು ನಿಜ. ನೊಣ ಕೂತಾಗ ದನ ಮಾಡುವ ಹಾಗೆ ತೊಗಲು ಅದುರಿಸಿತು, ಆಮೇಲೆ ನಡೆದೇ ಹೋಯಿತು. ಏಲಕ್ಕಿ ಎಲೆಯ ಮೇಲೆ ನಾಲ್ಕು ಹನಿ ರಕ್ತ, ಅಷ್ಟೇ.

ವಾರ ಕಳೆದ ಮೇಲೆ ನಾಯಿಗಳು ಹಳ್ಳದ ಕಡೆ ಬೊಗಳಿದವು. ಕಡವೆ ನೀರಿಗೆ ಬಾಯಿ ಇಟ್ಟ ಹಾಗೇ ಸತ್ತು ಬಿದ್ದಿತ್ತು. ಅಪ್ಪ ಕತ್ತಿಯಿಂದ ಗಾಯ ಬಿಡಿಸಿದರು. ಹೊರಗೆ ಕಾಳುಮೆಣಸಿನಷ್ಟು ತೂತು. ಒಳಗೆ ಹೆಗಲ ಮೂಳೆಗೆ ಬಡಿದ ಸೀಸ ಅಂಗಿಯ ಗುಂಡಿಯ ಹಾಗೆ ಚಪ್ಪಟೆಯಾಗಿತ್ತು. ಎದೆಗೂಡಿನ ತನಕ ಹೋಗೇ ಇರಲಿಲ್ಲ. ಸುತ್ತ ಅಂಗೈ ಅಗಲ ಕೀವು, ಹುಳ. ಅಪ್ಪ ಬೈಯಲಿಲ್ಲ. ಆ ಸೀಸವನ್ನು ನನ್ನ ಕೈಗೆ ಹಾಕಿ ಮನೆ ಕಡೆ ನಡೆದರು.

ಟೂಟೂ ಗುಂಡಿನ ತೂಕ ಸುಮಾರು 2.6 ಗ್ರಾಂ. ಹಳೇ ಶಿಕಾರಿಗಳು ಆನೆಗೆ ಹಿಡಿಯುತ್ತಿದ್ದ .470 ಜೋಡಿ ನಳಿಗೆ ರೈಫಲ್ಲಿನ ಗುಂಡು 32 ಗ್ರಾಂ. ಸ್ಕಾಟ್ಲೆಂಡಿನ ಬೇಟೆಗಾರ ಡಬ್ಲ್ಯು.ಡಿ.ಎಂ. ಬೆಲ್ ಆಫ್ರಿಕಾದಲ್ಲಿ 7 ಮಿ.ಮೀ. ರೈಫಲ್ಲಿನಿಂದಲೇ ನೂರಾರು ಆನೆ ಹೊಡೆದ ಅಂತ ಆ ಹುಡುಗರು ವಾದಿಸಿದರು. ಹೊಡೆದದ್ದು ಹೌದು. ಆದರೆ ಅವನ ಗುಂಡು 11 ಗ್ರಾಂ ಇತ್ತು, ಮೂಳೆಗೆ ಬಡಿದರೂ ಚಪ್ಪಟೆಯಾಗದ ಗಟ್ಟಿ ಹೊದಿಕೆಯದು. ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಕೊಯ್ದು ಮಿದುಳು ಎಲ್ಲಿದೆ ಅಂತ ಕಲಿತವನು ಅವನು. ನಮ್ಮ ಕಾಫಿ ತೋಟದಲ್ಲಿ ರಾತ್ರಿ ಹತ್ತಡಿ ಆಚೆ ಆನೆ ನಿಂತರೂ ಕಾಣುವುದಿಲ್ಲ, ಅಲ್ವಾ?

ಈಗ ನಮ್ಮಲ್ಲಿ ಶಿಕಾರಿ ಇಲ್ಲ, ಇರಲೂಬಾರದು. ಆದರೆ ‘ಸುಮ್ನೆ ಓಡಿಸೋಕೆ’ ಅಂತ ಕೋವಿಯಿಂದ ಚರೆ, ಅಂದರೆ ಸಣ್ಣ ಸಣ್ಣ ಸೀಸದ ಗುಂಡು, ಹೊಡೆಯುವವರು ಇದ್ದಾರೆ. ಹೋದ ಕೊಯ್ಲಿನಲ್ಲಿ ನಮ್ಮ ತೋಟಕ್ಕೆ ಬಂದ ಹೆಣ್ಣಾನೆಯ ಮುಂಗಾಲು ಊದಿಕೊಂಡಿತ್ತು. ತೊಗಲಿನ ಮೇಲೆ ಚರೆ ಹೊಕ್ಕ ತೂತುಗಳು, ಅದರಿಂದ ಕೀವು ಇಳಿಯುತ್ತಿತ್ತು. ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿತ್ತು. ಮರಿ ಜೊತೆಗಿತ್ತು. ಹೊಡೆದವನು ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ. ನೋವು ತಿನ್ನುವ ಆನೆಯ ಎದುರಿಗೆ ಸಿಗುವುದು ಬೆಳಿಗ್ಗೆ ಹಣ್ಣು ಕೊಯ್ಯಲು ಬರುವ ಹೆಂಗಸರು.

ನಷ್ಟ ನನಗೂ ಆಗಿದೆ. ಬಾಳೆ, ಭತ್ತ, ಇಪ್ಪತ್ತು ವರ್ಷದ ಕಾಫಿ ಗಿಡ, ಎಲ್ಲಾ ತುಳಿಸಿಕೊಂಡಿದ್ದೇನೆ. ಹಾಗಂತ ಚರೆಯಿಂದ ಒಂದು ಗಿಡವೂ ಉಳಿದದ್ದನ್ನು ನಾನು ನೋಡಿಲ್ಲ. ಆನೆ ಬಂದ ಸುದ್ದಿ ಸಿಕ್ಕಿದ ಕೂಡಲೇ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಗೆ ಫೋನ್ ಮಾಡಿ, ಕೆಲಸದವರನ್ನು ಆ ಕಡೆ ಕಳಿಸಬೇಡಿ.

ಕೋವಿ ಪರವಾನಗಿಗೆ ಈಗ ತರಬೇತಿ ಪಡೆಯಬೇಕು ಅಂತ ನಿಯಮ ಇದೆ. ಅಲ್ಲಿ ಗುರಿ ಕಲಿಸುವುದರ ಜೊತೆಗೆ, ಇಂಥ ಗಾಯಗಳ ಫೋಟೊಗಳನ್ನೂ ತೋರಿಸಲಿ ಅಂತ ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ. ಆ ಚಪ್ಪಟೆ ಸೀಸ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಕರೆದರೆ ತಂದು ತೋರಿಸುತ್ತೇನೆ.

– ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು